ಗಿಡ್ಡ ರನ್‌ವೇ, ಹಗುರ ವಿಮಾನ

‘ರನ್‌ವೇ’ ಎಂದರೆ ಸಾಕು, ನಮ್ಮ ಬ್ಯಾರಿ ಮನೆಗಳಲ್ಲಿ 2010ರ ಮೇ 22 ನೆನಪಾಗುತ್ತದೆ. ಅಂದು ಬಜ್ಪೆಯಲ್ಲಿ ಇಳಿಯುವಾಗ ವಿಮಾನ ರನ್‌ವೇ ದಾಟಿ ಹೋಗಿ 158 ಜೀವಗಳು ಹೋದವು. ಇಳಿಯಲು ಮಾತ್ರವಲ್ಲ, ಏಳಲೂ ಉದ್ದ ಬೇಕು.

ಅಮೆರಿಕದ ಅಲಾಸ್ಕಾದಲ್ಲಿ ರಸ್ತೆಯೇ ಇಲ್ಲದ ಊರುಗಳು ಬೇಕಾದಷ್ಟಿವೆ. ಮದ್ದು, ಅಂಚೆ, ದಿನಸಿ ಎಲ್ಲವೂ ಸಣ್ಣ ವಿಮಾನದಲ್ಲೇ ಬರಬೇಕು. ಕೆಲವು ಪೈಲಟ್‌ಗಳು ನದಿದಂಡೆಯ ಜಲ್ಲಿಯ ಮೇಲೂ ಇಳಿಯುತ್ತಾರೆ. ಇಳಿದರೆ ಆಯಿತಾ? ಮತ್ತೆ ಏಳಬೇಕಲ್ಲ!

ಅದಕ್ಕೆಂದೇ ಪೈಪರ್ ಸೂಪರ್ ಕಬ್‌ನಂಥ ಎರಡು ಸೀಟಿನ ವಿಮಾನಗಳನ್ನು ತಿದ್ದುತ್ತಾರೆ. ರೆಕ್ಕೆಯ ಮೇಲೆ ಪುಟ್ಟ ಪಟ್ಟಿಗಳನ್ನು ಸಾಲಾಗಿ ಅಂಟಿಸಿದರೆ ಗಾಳಿ ರೆಕ್ಕೆಗೆ ತಾಗಿಕೊಂಡೇ ಹರಿಯುತ್ತದೆ. ಕಡಿಮೆ ವೇಗದಲ್ಲೂ ವಿಮಾನ ಮೇಲೇಳುತ್ತದೆ. ಉದ್ದದ ಪ್ರೊಪೆಲ್ಲರ್ ಹಾಕಿದರೆ ಎಳೆತ ಹೆಚ್ಚು, ಆದರೆ ಮೇಲೆ ಹೋದ ಮೇಲೆ ವೇಗ ಸ್ವಲ್ಪ ಕಡಿಮೆ. ಇಂಥ ಬದಲಾವಣೆಗೆ ಸರಕಾರದ ಒಪ್ಪಿಗೆಯೂ ಬೇಕು.

ಎಲ್ಲಕ್ಕಿಂತ ದೊಡ್ಡ ಉಪಾಯ ಭಾರ ಇಳಿಸುವುದು. ಸಣ್ಣ ವಿಮಾನದ ತೂಕ ಶೇ. 10 ಹೆಚ್ಚಿದರೆ ಏಳಲು ಬೇಕಾದ ದೂರ ಸುಮಾರು ಶೇ. 20 ಹೆಚ್ಚುತ್ತದೆ. ಸೆಕೆಗೆ ಗಾಳಿ ತೆಳುವಾದರೂ ಅಷ್ಟೇ, ಹೆಚ್ಚು ಓಡಬೇಕು. ಗಲ್ಫಿನ ಕೌಂಟರಿನಲ್ಲಿ ಎರಡು ಕಿಲೋ ಸಾಮಾನಿಗೆ ಚರ್ಚೆ ಮಾಡುವ ನಾವು ಒಂದು ನೆನಪಿಡೋಣ: ಆ ತಕ್ಕಡಿ ಇರುವುದು ಬರೀ ಹಣಕ್ಕಲ್ಲ.