ಮಗುವಿನ ಮಾತಿಗೆ ಮನೆಯ ನುಡಿ

ತೆಲಂಗಾಣದಲ್ಲಿ ಕೇತಕಿ ಸಂಗಮೇಶ್ವರನ ಕ್ಷೇತ್ರವಾದ ಝರಾಸಂಗಂ, ಅದರ ನೆರೆಯ ಜಹೀರಾಬಾದು, ನಾರಾಯಣಖೇಡ, ಇವುಗಳ ಗ್ರಾಮಗಳಲ್ಲಿ ಮನೆಯೊಳಗೆ ಕನ್ನಡ, ಸರ್ಕಾರದ ಕಾಗದಗಳಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು ಎಂಬಂತೆ ಮೂರು ನುಡಿಗಳೊಡನೆ ದಿನ ಕಳೆಯುವ ಕುಟುಂಬಗಳು ಅನೇಕ. ಇಂತಹ ಮನೆಯೊಂದರಲ್ಲಿ ಎರಡು ವರ್ಷ ತುಂಬಿದರೂ ಮಾತು ಬಾರದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗುವಿದ್ದರೆ, ಅದರ ತಾಯಿ ಸಾಮಾನ್ಯವಾಗಿ ಕೇಳಬೇಕಾಗುವ ಮಾತುಗಳು ಎರಡು: ಸಾಕುವುದರಲ್ಲೇ ಏನೋ ತಪ್ಪಾಗಿದೆ ಎಂಬುದೊಂದು, ಹಲವು ಭಾಷೆ ಕಿವಿಗೆ ಬಿದ್ದು ಕೂಸು ತಬ್ಬಿಬ್ಬಾಗಿದೆ, ಕನ್ನಡ ಬಿಡವ್ವಾ ಎಂಬುದು ಇನ್ನೊಂದು. ಇವೆರಡಕ್ಕೂ ವಿಜ್ಞಾನದ ಆಧಾರವಿಲ್ಲ.

ಮೊದಲನೆಯ ಆರೋಪವನ್ನು ಹಿಂದೆ ವಿದ್ವಾಂಸರೇ ಹೊರಿಸಿದ್ದರು. ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ, ಇಂತಹ ಲಕ್ಷಣಗಳು ಕಾಣಿಸಬಹುದಾದ ಆಟಿಸಂ ಎಂಬ ಸ್ಥಿತಿಯನ್ನು ವರ್ಣಿಸಿದ ಮೇಲೆ, ತಾಯಿಯ ವಾತ್ಸಲ್ಯದ ಅಭಾವವೇ ಅದಕ್ಕೆ ಕಾರಣವೆಂಬ ವಾದವು ದಶಕಗಳ ಕಾಲ ಪ್ರಬಲವಾಗಿತ್ತು. ಆಟಿಸಂ ಇದ್ದ ಮಗುವಿನ ತಂದೆಯೂ ಆಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಆ ವಾದವನ್ನು ಖಂಡಿಸಿದನು. 1977ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನವು ವಂಶವಾಹಿಗಳ ಪಾತ್ರವನ್ನು ಎತ್ತಿ ತೋರಿತು. ಗರ್ಭದಲ್ಲಿರುವಾಗಲೇ ಆರಂಭವಾಗುವ ಮೆದುಳಿನ ರಚನೆಯಲ್ಲಿನ ವ್ಯತ್ಯಾಸ, ಅಕಾಲ ಜನನ, ಹುಟ್ಟುವಾಗಿನ ಪ್ರಾಣವಾಯುವಿನ ಕೊರತೆ ಮುಂತಾದವು ನರವಿಕಾಸದ ನ್ಯೂನತೆಗಳಿಗೆ ಕಾರಣವಾಗಬಲ್ಲವೇ ಹೊರತು, ಅಕ್ಕರೆಯ ಕೊರತೆಯಲ್ಲ. ದಶಕಗಳ ಕಾಲ ತಾಯಂದಿರು ಹೊತ್ತ ಈ ಅಪವಾದವು ಇನ್ನೂ ನಮ್ಮ ಜಗುಲಿಗಳಿಂದ ಇಳಿದಿಲ್ಲವೆಂಬುದು ಅತ್ಯಂತ ಖೇದಕರ.

ಭಾಷೆಯ ಕುರಿತಾದ ಉಪದೇಶವು ಸದುದ್ದೇಶದಿಂದ ಬರುವುದರಿಂದಲೇ ಹೆಚ್ಚು ಅಪಾಯಕಾರಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕುರಿತು 2005ರಲ್ಲಿಯೂ, ಆಟಿಸಂ ಇರುವವರನ್ನು ಕುರಿತು 2012ರಲ್ಲಿಯೂ ಕೆನಡಾದ ಸಂಶೋಧಕರು ನಡೆಸಿದ ಪರಿಶೀಲನೆಗಳಲ್ಲಿ, ಎರಡು ಭಾಷೆಗಳ ನಡುವೆ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ತಡವರಿಸುತ್ತ ಪರಭಾಷೆಯನ್ನಾಡುವ ತಾಯಿಯಾದರೋ ಕಡಿಮೆ ಮಾತಾಡುತ್ತಾಳೆ, ಜೋಗುಳವನ್ನು ನಿಲ್ಲಿಸುತ್ತಾಳೆ. ಅಜ್ಜಿಯ ಮಾತು ಮಗುವಿಗೆ ಅನ್ಯವಾಗುತ್ತದೆ. ಮಾತೇ ದುರ್ಲಭವಾದ ಮಗುವಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಇಂತಹ ಮಗುವಿನ ಮಾತನ್ನು ಬೆಳೆಸುವಲ್ಲಿ ತಂದೆತಾಯಿಗಳೇ ಮುಖ್ಯ ಸಾಧಕರೆಂಬುದನ್ನು ಗೋವಾ ಮತ್ತು ರಾವಲ್ಪಿಂಡಿಗಳಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮಗುವಿನೊಡನೆ ಹೆತ್ತವರು ಆಡುವುದನ್ನು ಚಿತ್ರೀಕರಿಸಿ, ಅದನ್ನು ಅವರೊಡನೆ ಕುಳಿತು ನೋಡಿ, ಮಗುವಿನ ಸೂಕ್ಷ್ಮ ಸಂಜ್ಞೆಗಳನ್ನು ಗುರುತಿಸುವುದನ್ನು ಕಲಿಸಿದರು. ಹೆತ್ತವರು ಮಗುವಿನ ಗಮನವನ್ನು ಅನುಸರಿಸಿ ಸ್ಪಂದಿಸುವುದು ಹೆಚ್ಚಿತು. ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ನಮ್ಮ ಅಡುಗೆಮನೆಯಲ್ಲಿ ಇದರ ರೂಪ ಸರಳ: ಅವ್ವ ಜೋಳದ ರೊಟ್ಟಿ ಬಡಿಯುತ್ತಿರುವಾಗ ಕೂಸಿನ ದೃಷ್ಟಿ ಹಿಟ್ಟಿನ ಮೇಲೆ ನೆಟ್ಟರೆ, 'ಇಲ್ಲಿ ನೋಡು' ಎಂದು ಗಲ್ಲ ತಿರುಗಿಸದೆ, 'ಹಿಟ್ಟು' ಎಂದಷ್ಟೇ ನುಡಿದು, ಕೆಲವು ಕ್ಷಣ ಸುಮ್ಮನೆ ಕಾಯಬೇಕು. ಕೈ ಚಾಚುವುದು, ಒಂದು ದನಿ ಹೊರಡುವುದು, ಏನು ಬಂದರೂ ಅದೇ ಉತ್ತರ, ಅದಕ್ಕೆ ಮರುನುಡಿಯಬೇಕು. ಈ ಕಾಯುವಿಕೆಯೇ ಕಲಿಯಲು ಅತಿ ಕಷ್ಟವಾದ ವಿದ್ಯೆ.

ಸೌಕರ್ಯಗಳು ಇಲ್ಲವೇ ಇಲ್ಲವೆನ್ನಲಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಸಂಚಾರಿ ವೈದ್ಯತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಯ ಮಕ್ಕಳನ್ನು ಪರೀಕ್ಷಿಸತಕ್ಕದ್ದು. ಬೌದ್ಧಿಕ ನ್ಯೂನತೆಗಳಿಗಾಗಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲಿಯೇ ಇದೆ. ಆದರೆ ದಿನಗೂಲಿಯನ್ನು ಬಿಟ್ಟು, ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ನೂರು ಕಿಲೋಮೀಟರಿನಷ್ಟು ದೂರ ಪದೇ ಪದೇ ಪ್ರಯಾಣ ಮಾಡುವುದು ಎಷ್ಟು ಮಂದಿಗೆ ಸಾಧ್ಯ? ತರಬೇತಿ ಪಡೆದ, ಕನ್ನಡ ಬಲ್ಲ ಕಾರ್ಯಕರ್ತೆಯೊಬ್ಬಳು ಮನೆಬಾಗಿಲಿಗೆ ಬರುವುದೇ ಇಲ್ಲಿ ನ್ಯಾಯವಾದ ವ್ಯವಸ್ಥೆಯೆಂದು ನನ್ನ ದೃಢವಾದ ಅಭಿಪ್ರಾಯ. ಅದು ಆಗುವವರೆಗೆ, ಅಂಗನವಾಡಿಗೆ ತಂಡ ಬಂದ ದಿನ ತಾಯಿಯೊಬ್ಬಳನ್ನೇ ಕಳುಹಿಸದೆ ತಂದೆಯೂ ಅಜ್ಜಿಯೂ ಜೊತೆಗೆ ಹೋಗಿ ಹೇಳಿಕೊಟ್ಟುದನ್ನು ಕಲಿತು ಬರಲಿ; ಆಟವಾಡಿಸಬಲ್ಲವರು ಮನೆಯಲ್ಲಿ ಮೂವರಿದ್ದರೆ, ರಾತ್ರಿಯೆಲ್ಲ ಎಚ್ಚರವಿದ್ದ ತಾಯಿಗೆ ಮಧ್ಯಾಹ್ನವಾದರೂ ಒಂದಿಷ್ಟು ನಿದ್ರೆ ದೊರೆತೀತು.