ಗಣಕಯಂತ್ರದ ಶಕಗಣನೆಯೂ 2038ನೆಯ ಇಸವಿಯೂ

ಕಾಲಗಣನೆಗೆ ಎರಡು ಅಂಗಗಳು ಅವಶ್ಯ: ಎಣಿಕೆಯು ಆರಂಭವಾಗುವ ಮೂಲವೊಂದು, ಎಣಿಕೆಯನ್ನು ಬರೆದಿಡಲು ಸಾಕಷ್ಟು ಅವಕಾಶವೊಂದು. ಶಕವರ್ಷದ ಮೂಲ ಕ್ರಿ.ಶ. 78. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಬರೆಯಿಸಿದ ಶಾಸನದ ಶಕ 465 ಕ್ರಿ.ಶ. 543ಕ್ಕೆ ಸರಿಹೊಂದುತ್ತದೆಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು. ಸಂವತ್ಸರದ ಹೆಸರು ಹಾಗಲ್ಲ. ಪ್ರಭವಾದಿ 60 ಹೆಸರುಗಳು ಮುಗಿದೊಡನೆ ಮತ್ತೆ ಪ್ರಭವವೇ ಬರುವುದರಿಂದ, ಸಂವತ್ಸರವನ್ನು ಮಾತ್ರ ಹೇಳುವ ಶಾಸನದ ಕಾಲವನ್ನು ಲಿಪಿ, ಅರಸನ ಹೆಸರು ಮೊದಲಾದ ಅನ್ಯ ಆಧಾರಗಳಿಂದ ನಿರ್ಣಯಿಸಬೇಕಾಗುತ್ತದೆ.

ಇಂದು ಕಾಲೇಜುಗಳ ಅಂಕಪಟ್ಟಿ, ಸೇವಾಪುಸ್ತಕ, ಗ್ರಂಥಾಲಯದ ಲೆಕ್ಕಗಳು ಸರ್ವರ್ ಎಂಬ ಗಣಕಯಂತ್ರಗಳಲ್ಲಿ ಉಳಿಯುತ್ತಿವೆ. ಅವುಗಳಲ್ಲಿ ಅನೇಕವು ಯೂನಿಕ್ಸ್ ಅಥವಾ ಅದರ ಪದ್ಧತಿಯನ್ನನುಸರಿಸಿದ ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತವೆ. ಈ ವ್ಯವಸ್ಥೆಗಳ ಶಕಾರಂಭ 1970ರ ಜನವರಿ 1. ಅಂದಿನಿಂದ ಕಳೆದ ಸೆಕೆಂಡುಗಳ ಸಂಖ್ಯೆಯೇ ಅವುಗಳಿಗೆ ಕಾಲ. ಹಿಂದೆ ಈ ಸಂಖ್ಯೆಗೆ 32 ಬಿಟ್‌ಗಳ ಸ್ಥಳವನ್ನು ಮಾತ್ರ ಕೊಟ್ಟಿದ್ದರು. ಋಣಚಿಹ್ನೆಗೆ ಒಂದು ಬಿಟ್ ಮೀಸಲಾಗಿ, ಉಳಿದವುಗಳಲ್ಲಿ ಹಿಡಿಯುವ ಅತ್ಯಧಿಕ ಸಂಖ್ಯೆ 2,14,74,83,647. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆ ತುಂಬುತ್ತದೆ. ಮರುಸೆಕೆಂಡಿನಲ್ಲಿ ಎಣಿಕೆಯು ಋಣಸಂಖ್ಯೆಗೆ ತಿರುಗಿ, ಅಂಥ ಯಂತ್ರವು 1901ರ ಡಿಸೆಂಬರನ್ನು ತೋರಿಸುವುದು. ಸಂವತ್ಸರಚಕ್ರದ ದೋಷವೇ ಇಲ್ಲಿ ಬೇರೊಂದು ರೂಪದಲ್ಲಿ ಕಾಣಿಸುತ್ತದೆ.

ಇದು ಆ ದಿನದವರೆಗೆ ಕಾಯುವ ತೊಂದರೆಯೆಂದು ಭಾವಿಸಬಾರದು. ಮುಂದಿನ ದಿನಾಂಕವನ್ನು ಲೆಕ್ಕಹಾಕುವ ಎಲ್ಲ ಕಡೆಯಲ್ಲಿಯೂ ಅದು ಮೊದಲೇ ತಲೆದೋರುತ್ತದೆ. 2006ರ ಮೇ ತಿಂಗಳಿನಲ್ಲಿ ಎಒಎಲ್‌ಸರ್ವರ್ ಎಂಬ ತಂತ್ರಾಂಶವನ್ನು ಬಳಸುತ್ತಿದ್ದ ಯಂತ್ರಗಳು ಕೆಟ್ಟುದಕ್ಕೆ ಇದೇ ಕಾರಣ: 100 ಕೋಟಿ ಸೆಕೆಂಡುಗಳ ಅವಧಿಯನ್ನು ಅಂದಿನ ಕಾಲಕ್ಕೆ ಕೂಡಿಸಿದಾಗ ಮೊತ್ತವು 2038ರ ಗಡಿಯನ್ನು ದಾಟಿತು. ಇಂದು ಸೇವೆಗೆ ಸೇರಿದ ಯುವ ಅಧ್ಯಾಪಕನ ನಿವೃತ್ತಿಯ ದಿನಾಂಕವೂ ಆ ಗಡಿಯ ಆಚೆಯದೇ.

ಪರಿಹಾರವು ಎಣಿಕೆಗೆ 64 ಬಿಟ್‌ಗಳನ್ನು ಕೊಡುವುದು. 64 ಬಿಟ್‌ನ ಲಿನಕ್ಸ್ ಯಂತ್ರಗಳಲ್ಲಿ ಇದು ಮೊದಲಿನಿಂದಲೂ ಇದೆ. 32 ಬಿಟ್‌ನ ಯಂತ್ರಗಳಿಗಾಗಿ 2020ರಲ್ಲಿ ಹೊರಬಂದ ಲಿನಕ್ಸ್ ಕರ್ನಲ್ 5.6ರಲ್ಲಿ ಈ ಅನುಕೂಲ ಸಿದ್ಧವಾಯಿತು. 2025ರ ಆಗಸ್ಟಿನಲ್ಲಿ ಪ್ರಕಟವಾದ ಡೆಬಿಯನ್ 13, ಹಳೆಯ 32 ಬಿಟ್ ಪಿ.ಸಿ. ವರ್ಗವೊಂದನ್ನು ಬಿಟ್ಟು ಉಳಿದೆಲ್ಲ ವರ್ಗಗಳಲ್ಲಿ 64 ಬಿಟ್ ಕಾಲವನ್ನು ಅಂಗೀಕರಿಸಿತು.

ಆದರೆ ಯಂತ್ರ ಹೊಸದಾದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮೇಲ್ವಿಚಾರಕರು ಪರೀಕ್ಷಿಸತಕ್ಕ ಅಂಶಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಕಡತವ್ಯವಸ್ಥೆ. ಇಎಕ್ಸ್‌ಟಿ4ರಲ್ಲಿ ಐನೋಡಿನ ಗಾತ್ರ 256 ಬೈಟ್ ಆಗಿದ್ದರೆ 2446ರವರೆಗೆ ಭಯವಿಲ್ಲ. 128 ಬೈಟ್ ಆಗಿದ್ದರೆ 2038ರಾಚೆಯ ದಿನಾಂಕ ಅದರಲ್ಲಿ ನಿಲ್ಲದು. ಎರಡನೆಯದು, ದತ್ತಾಂಶದ ಕೋಷ್ಟಕಗಳು. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಎಂಬ ಬಗೆಯು 2038ಕ್ಕೆ ಮುಗಿಯುತ್ತದೆ. ಡೇಟ್‌ಟೈಮ್ ಎಂಬುದು 9999ರವರೆಗೆ ನಡೆಯುತ್ತದೆ. ಮೂರನೆಯದು, ಹಿಂದೆ ಬರೆಯಿಸಿ ಮರೆತ ತಂತ್ರಾಂಶಗಳು. ಕಾಲವನ್ನು 32 ಬಿಟ್‌ನ ಪೂರ್ಣಾಂಕವಾಗಿ ಇಟ್ಟಿದ್ದರೆ ಅವುಗಳನ್ನು ತಿದ್ದಬೇಕು. ನಾಲ್ಕನೆಯದು, ಹಳೆಯ ಪ್ರತಿಗಳನ್ನು ತಾನಾಗಿ ಅಳಿಸುವ ಏರ್ಪಾಡು. 1901ರದೆಂದು ತೋರುವ ಕಡತವು ಅದರ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದು. ಆದುದರಿಂದ ಅತ್ಯಂತ ಹೊಸ ದಾಖಲೆಯೇ ಮೊದಲು ಅಳಿಯಬಹುದು. ಪರೀಕ್ಷೆಗಾಗಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದಾದರೆ, ಜಾಲದಿಂದ ಬೇರ್ಪಡಿಸಿದ ನಕಲು ಯಂತ್ರದಲ್ಲಿಯೇ ಅದನ್ನು ಮಾಡತಕ್ಕದ್ದು. ನಡೆಯುತ್ತಿರುವ ಯಂತ್ರದಲ್ಲಿ ಮಾಡಬಾರದು.

ಶಾಸನದ ತೇದಿ ತಪ್ಪಾದರೆ ಅದನ್ನು ತಿದ್ದಲು ಕಲ್ಲಿನ ಲಿಪಿಯಾದರೂ ಸಾಕ್ಷಿಯಾಗಿ ನಿಲ್ಲುತ್ತದೆ. ಯಂತ್ರದಲ್ಲಿಟ್ಟ ದಾಖಲೆಗೆ ಅಂಥ ಲಿಪಿಯಿಲ್ಲ. ಎಲ್ಲ ಶತಮಾನದ ಅಕ್ಷರವೂ ಅಲ್ಲಿ ಒಂದೇ. ನಮ್ಮ ಕಾಲದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ತೇದಿಯೊಂದೇ ಆಧಾರವಾಗಿರುವಲ್ಲಿ, ಆ ತೇದಿಯನ್ನು ಕಾಪಾಡುವ ಮೇಲ್ವಿಚಾರಕನ ಕೆಲಸವು ಶಾಸನವನ್ನು ಕಂಡರಿಸಿದವನ ಕೆಲಸಕ್ಕಿಂತ ಕಡಿಮೆಯದಲ್ಲ.