ಒಂದು ಪದರದ ಸೂಜಿಗಲ್ಲು

ಸೂಜಿಗಲ್ಲನ್ನು ಮುರಿದರೆ ಎರಡು ಸೂಜಿಗಲ್ಲುಗಳಾಗುತ್ತವೆಂಬುದು ಶಾಲಾಬಾಲಕರೂ ಬಲ್ಲ ಪಾಠ. ಗೌರಿಬಿದನೂರಿನ ತರಗತಿಯೊಂದರಲ್ಲಿ ನಾನು ಅದನ್ನು ಹೇಳುತ್ತಿದ್ದಾಗ ಹುಡುಗನೊಬ್ಬನು ಎದ್ದುನಿಂತು, "ಸೀಳುತ್ತ ಸೀಳುತ್ತ ಒಂದೇ ಪದರಕ್ಕೆ ಇಳಿದರೆ?" ಎಂದು ಕೇಳಿದನು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಬಾಳಿನುದ್ದಕ್ಕೂ ಸಾರಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರ ಹೊಸೂರು ಅದೇ ತಾಲ್ಲೂಕಿನದು, ನಾನು ಬೆರಗಾಗಬೇಕಾಗಿರಲಿಲ್ಲ. "ದಪ್ಪ ಇಳಿದಂತೆ ಬಲವೂ ಇಳಿಯುತ್ತದೆ, ಅಷ್ಟೆ" ಎಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕ್ರೋಮಿಯಂ ಟ್ರೈಅಯೊಡೈಡ್ ಎಂಬ ಹರಳು ಪುಸ್ತಕದ ಹಾಳೆಗಳಂತೆ ಬಿಡಿಸಿಕೊಳ್ಳುತ್ತದೆ. ನಡುವೆ ಕ್ರೋಮಿಯಂ ಪರಮಾಣುಗಳ ಹಾಸು, ಮೇಲೂ ಕೆಳಗೂ ಅಯೊಡಿನ್. ಇದು ಒಂದು ಪದರ. ದಪ್ಪ ಸುಮಾರು 0.7 ನ್ಯಾನೋಮೀಟರು. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡಿನ ರೇಷ್ಮೆಯೆಳೆಯೇ ನಮ್ಮ ಕಣ್ಣಿಗೆ ನವಿರಿನ ಪರಮಾವಧಿ. ಆ ಎಳೆಯ ದಪ್ಪದೊಳಗೆ ಇಂತಹ ಪದರಗಳು 10,000ಕ್ಕೂ ಮಿಕ್ಕು ಹಿಡಿಯುತ್ತವೆ!

ಎಲ್ಲ ದಿಕ್ಕುಗಳೂ ಸಮಾನವಾದ ಎರಡು ಆಯಾಮದ ವಸ್ತುವಿನಲ್ಲಿ ಕಾಂತಕ್ರಮ ನಿಲ್ಲಲಾರದು, ಅತ್ಯಲ್ಪ ಶಾಖವೂ ಅದನ್ನು ಕದಡುತ್ತದೆ ಎಂದು 1966ರಲ್ಲಿ ಮರ್ಮಿನ್ ಮತ್ತು ವ್ಯಾಗ್ನರ್ ಎಂಬ ವಿದ್ವಾಂಸರು ಗಣಿತದಿಂದ ಸಾಧಿಸಿದ್ದರು. ಆದರೆ ಈ ಹರಳಿನ ಪರಮಾಣುಕಾಂತಗಳಿಗೆ ದಿಕ್ಕಿನ ಹಟವುಂಟು: ಹಾಳೆಗೆ ಲಂಬವಾಗಿಯೇ ನಿಲ್ಲಬಯಸುತ್ತವೆ. ಆ ಹಟವೇ ಅವುಗಳನ್ನು ಕಾಯಿತು. ಅಂಟುಪಟ್ಟಿಯಿಂದ ಸುಲಿದ ಒಂಟಿ ಪದರವೂ 45 ಕೆಲ್ವಿನ್‌ವರೆಗೆ, ಎಂದರೆ ಸೊನ್ನೆಗಿಂತ 228 ಸೆಂಟಿಗ್ರೇಡ್ ಕೆಳಗಿನ ಚಳಿಯವರೆಗೆ, ಕಾಂತವಾಗಿಯೇ ಉಳಿಯುವುದೆಂದು 2017ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ದಪ್ಪ ಹರಳಿಗೆ ಆ ಮಿತಿ 61 ಕೆಲ್ವಿನ್. ಇಷ್ಟಕ್ಕೇ ನಿಂತಿದ್ದರೆ ನನ್ನ ಉತ್ತರವೂ ಹೇಗೋ ನಿಲ್ಲುತ್ತಿತ್ತು.

ಎರಡು ಪದರ ಸೇರಿದರೆ ಬಲ ಇಮ್ಮಡಿಸಬೇಕಷ್ಟೆ? ಅದು ಸೊನ್ನೆಯಾಯಿತು! ಒಂದರ ಕಾಂತಗಳು ಮೇಲ್ಮುಖವಾದರೆ ಇನ್ನೊಂದರವು ಕೆಳಮುಖ. ಮೂರನೆಯದು ಬಂದೊಡನೆ ಬಲ ಮರಳಿತು. ಎರಡರ ಲೆಕ್ಕ ಪರಸ್ಪರ ಚುಕ್ತವಾಗಿ ಒಂದು ಉಳಿದಂತೆ. ನನ್ನ ಉತ್ತರ ಮುರಿದುಬಿದ್ದುದು ಇಲ್ಲಿ.

ಇದು ಬರಿಯ ದಪ್ಪದ ಮಾತಲ್ಲ, ಜೋಡಣೆಯ ಮಾತು. ದಪ್ಪ ಹರಳು ತಣಿಯುವಾಗ ಅದರ ಪದರಗಳು ಕೊಂಚ ಜರುಗಿ ಬೇರೊಂದು ರೀತಿಯಲ್ಲಿ ಕುಳಿತುಕೊಳ್ಳುತ್ತವೆ; ತೆಳುಚೂರುಗಳಾದರೋ ಬೆಚ್ಚಗಿದ್ದಾಗಿನ ಜೋಡಣೆಯನ್ನೇ ಉಳಿಸಿಕೊಳ್ಳುತ್ತವೆ. ಆ ಜೋಡಣೆಯಲ್ಲಿ ನೆರೆಪದರಗಳಿಗೆ ವಿರೋಧವೇ ಸಹಜ. 2019ರಲ್ಲಿ ಎರಡು ಪದರದ ಚೂರನ್ನು ವಾಯುಮಂಡಲದ ಒತ್ತಡದ ಸುಮಾರು 20,000 ಮಡಿ ಒತ್ತಡದಲ್ಲಿ ಅದುಮಿ ನೋಡಿದರು. ಪದರಗಳು ಜರುಗಿದವು, ಎರಡರ ಕಾಂತಗಳೂ ಒಂದೇ ದಿಕ್ಕಿಗೆ ತಿರುಗಿದವು. ಒತ್ತಡ ತೆಗೆದ ಮೇಲೂ ಹಾಗೆಯೇ ಉಳಿದವು.